ಏರು ಬಯಲಲ್ಲೂ ಸಿಗುತ್ತದೆ, ಇಳಿಜಾರು ಸಿಗುವುದಿಲ್ಲ

ಕನ್ನಡದಲ್ಲಿ ಏರಿ ಅಂದರೆ ಕೆರೆಯ ನೀರನ್ನು ತಡೆದು ನಿಲ್ಲಿಸುವ ಮಣ್ಣಿನ ಕಟ್ಟೆ. ತಮಿಳಿನಲ್ಲಿ ಏರಿ ಅಂದರೆ ಕೆರೆಯೇ. ಮೈಸೂರು, ಹಾಸನದ ಕಡೆಯಿಂದ ಕೆಲಸಕ್ಕೆಂದು ಚೆನ್ನೈಗೆ ಹೋದ ಸೈಕಲ್ ಸವಾರರು ನಕ್ಷೆಯಲ್ಲಿ ಚೆಂಬರಂಬಾಕ್ಕಂ ಏರಿ, ಪೋರೂರ್ ಏರಿ ಎಂದು ಓದಿ, ಹೆಸರಿನಲ್ಲೇ ಏರು ಇದೆಯಲ್ಲ ಎಂದು ಹೊರಟರೆ ಕಣ್ಣಿಗೆ ಬೀಳುವುದು ನೀರು, ಅದರಾಚೆ ಇನ್ನಷ್ಟು ಬಯಲು. ಕಟ್ಟೆ ಹತ್ತಿ ಇಳಿಯಲು ಹತ್ತು ಸಲ ಪೆಡಲ್ ತುಳಿದರೆ ಸಾಕು. ಊರು ಸಮುದ್ರಮಟ್ಟದಿಂದ ಆರೇಳು ಮೀಟರ್ ಮೇಲಿದೆ, ಅಷ್ಟೇ. ಈಸ್ಟ್ ಕೋಸ್ಟ್ ರಸ್ತೆ ಹಿಡಿದು ಮಹಾಬಲಿಪುರಕ್ಕೆ ಹೋಗಿಬಂದರೆ ನೂರು ಕಿಲೋಮೀಟರ್ ಮೀರುತ್ತದೆ. ಆ ನೂರರಲ್ಲಿ ಏರು ಎನ್ನಬಹುದಾದ ರಸ್ತೆ ಒಂದು ಫರ್ಲಾಂಗೂ ಇಲ್ಲ.

ಹಾಗಾಗಿ ಚೆನ್ನೈನ ಯಾವ ಸೈಕಲ್ ಗುಂಪಿಗೆ ಹೊಸಬರು ಸೇರಿದರೂ ಬೇಗನೆ ಕೇಳುವ ಪ್ರಶ್ನೆ ಒಂದೇ: ಇಲ್ಲಿ ಹತ್ತುವುದು ಎಲ್ಲಿ? ಡಿಸೆಂಬರಿನಲ್ಲಿ ನೀಲಗಿರಿಗೆ ಹೋಗಬೇಕು, ರಜೆಗೆ ಊರಿಗೆ ಹೋದಾಗ ಆಗುಂಬೆಯನ್ನೋ ಚಾರ್ಮಾಡಿಯನ್ನೋ ಸೈಕಲ್ಲಿನಲ್ಲಿ ಏರಬೇಕು, ಬೆಂಗಳೂರಿನ ಗೆಳೆಯರ ಜೊತೆ ನಂದಿಬೆಟ್ಟ ಹತ್ತುವಾಗ ಹಿಂದೆ ಬೀಳಬಾರದು. ಅದಕ್ಕೆ ತಯಾರಿ ಬೇಕು, ತಯಾರಿಗೆ ಬೆಟ್ಟ ಬೇಕು. ದೆಹಲಿಯ ಸವಾರರೂ ಇದನ್ನೇ ಕೇಳುತ್ತಾರೆ. ಅವರಿಗೆ ಸಿಗುವ ಉತ್ತರ ಅರಾವಳಿಯ ಬಾಲದಂತೆ ಊರೊಳಗೆ ಚಾಚಿರುವ ರಿಡ್ಜ್, ಇಲ್ಲವೆ ಗುರುಗ್ರಾಮ–ಫರೀದಾಬಾದ್ ರಸ್ತೆಯ ಉಬ್ಬುತಗ್ಗು. ದಕ್ಷಿಣ ಮುಂಬೈಯವರಿಗೆ ಮಲಬಾರ್ ಹಿಲ್ ಮತ್ತು ಪೆಡರ್ ರೋಡ್. ಪುಣೆಯವರು ಮಾತ್ರ ಈ ಪ್ರಶ್ನೆ ಕೇಳುವುದಿಲ್ಲ, ಅವರಿಗೆ ಸಿಂಹಗಡ ಊರಿನ ಹೊರಗೇ ಇದೆ.

ಕೇಳುವವರ ಆಸೆ ನ್ಯಾಯವಾದದ್ದೇ. ಆದರೆ ಪ್ರಶ್ನೆ ಅರ್ಧ ಮಾತ್ರ ಸರಿಯಾಗಿದೆ. ಬಯಲುಸೀಮೆಯ ಸವಾರರಿಗೆ ಬೆಟ್ಟ ಬೇಕೇ ಬೇಕು. ಹತ್ತುವುದನ್ನು ಕಲಿಯಲು ಅಲ್ಲ, ಇಳಿಯುವುದನ್ನು ಕಲಿಯಲು. ಹತ್ತುವ ಕಸುವನ್ನು ಮಟ್ಟಸ ನೆಲದಲ್ಲಿ ಬಹುಮಟ್ಟಿಗೆ ಕಟ್ಟಿಕೊಳ್ಳಬಹುದು, ಇಳಿಯುವ ವಿದ್ಯೆಯನ್ನು ಎಲ್ಲೂ ಕಟ್ಟಿಕೊಳ್ಳಲಾಗದು. ಇದನ್ನು ತಿರುಗಾಮುರುಗಾ ಮಾಡಿಕೊಂಡಿರುವುದರಿಂದಲೇ ಸವಾರರು ನಗರದೊಳಗೆ ಬೇಡದ ಅಪಾಯಕ್ಕೆ ಒಡ್ಡಿಕೊಳ್ಳುತ್ತಾರೆ, ಘಟ್ಟಕ್ಕೆ ಹೋದಾಗ ನಿಜವಾದ ಅಪಾಯಕ್ಕೆ ತಯಾರಿಲ್ಲದೆ ನಿಲ್ಲುತ್ತಾರೆ.

ನಗರದೊಳಗೆ ಹತ್ತಲು ಮೊದಲು ಸಿಗುವುದು ಫ್ಲೈಓವರ್. ಅದರ ನೆತ್ತಿ ನೆಲದಿಂದ ಏಳು ಮೀಟರ್ ಮೇಲಿದೆ ಎಂದಿಟ್ಟುಕೊಂಡರೆ, ಏಳು ನೂರು ಮೀಟರಿನ ಒಂದು ಘಟ್ಟಕ್ಕೆ ಸಮನಾಗಲು ನೂರು ಸಲ ಹತ್ತಬೇಕು. ನೂರು ಸಲ ಹತ್ತಿದರೂ ಅದು ಘಟ್ಟವಾಗುವುದಿಲ್ಲ. ಒಂದು ಏರು ಒಂದು ನಿಮಿಷದೊಳಗೆ ಮುಗಿಯುತ್ತದೆ, ಆಮೇಲೆ ಅಷ್ಟೇ ಹೊತ್ತು ಬಿಡುವು. ಘಟ್ಟ ಕೇಳುವುದು ಬಿಡುವಿಲ್ಲದ ನಲವತ್ತು ನಿಮಿಷವನ್ನು. ಕಾಲಿಗೆ ಇದೂ ಒಂದು ಬಗೆಯ ವ್ಯಾಯಾಮವೇ, ಅದು ಓಟಗಾರರಿಗೆ ನೂರು ಮೀಟರ್ ಓಟ ವ್ಯಾಯಾಮವಾಗುವ ಹಾಗೆ. ಅದನ್ನೇ ನೂರು ಸಲ ಓಡಿದರೆ ಮ್ಯಾರಥಾನ್ ಆಗುವುದಿಲ್ಲ. ಇದಕ್ಕೆ ತೆರುವ ಬೆಲೆಯೂ ಕಡಿಮೆಯದಲ್ಲ. ಫ್ಲೈಓವರಿನಲ್ಲಿ ರಸ್ತೆಯ ಅಂಚು ಇರುವುದಿಲ್ಲ, ಗೋಡೆ ಇರುತ್ತದೆ. ನೆತ್ತಿಯಾಚೆ ನಿಧಾನವಾಗಿ ಹೋಗುತ್ತಿರುವ ಸೈಕಲ್ಲು ಹಿಂದಿನಿಂದ ಬರುವ ಚಾಲಕನಿಗೆ ಕಾಣುವುದು ತೀರಾ ಹತ್ತಿರ ಬಂದ ಮೇಲೆ. ಬೆಳಗಿನ ಐದು ಗಂಟೆಗೆ ರಸ್ತೆ ಖಾಲಿ ಇರುತ್ತದೆ ನಿಜ, ಖಾಲಿ ರಸ್ತೆಯಲ್ಲಿ ಲಾರಿಗಳ ವೇಗವೂ ಹೆಚ್ಚಿರುತ್ತದೆ.

ಎರಡನೆಯದು ಪರಂಗಿಮಲೈ, ಅಂದರೆ ಸೇಂಟ್ ಥಾಮಸ್ ಮೌಂಟ್. ಎತ್ತರ ಸುಮಾರು ಮುನ್ನೂರು ಅಡಿ. ಈ ಗುಡ್ಡದ ಬುಡದ ಬಯಲಿಗೆ ಒಂದು ಇತಿಹಾಸವಿದೆ. 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಭಾರತದ ಮಹಾ ತ್ರಿಕೋನಮಿತಿ ಸರ್ವೆಯ ಮೊದಲ ಆಧಾರರೇಖೆಯನ್ನು ಸರಪಳಿ ಹಿಡಿದು ಅಳೆದದ್ದು ಇಲ್ಲಿ; ಉದ್ದ ಏಳೂವರೆ ಮೈಲಿ. ಅಂಥ ಅಳತೆಗೆ ಮಟ್ಟಸ ನೆಲ ಬೇಕಿತ್ತು, ತುದಿಗಳನ್ನು ನೋಡಲು ಗುಡ್ಡ ಬೇಕಿತ್ತು. ಅಲ್ಲಿಂದ ಹೊರಟ ತ್ರಿಕೋನಗಳ ಸಾಲು ಬೆಂಗಳೂರನ್ನು ಹಾದು ಪಶ್ಚಿಮ ಕರಾವಳಿಗೆ ಹೋಯಿತು. ಎವರೆಸ್ಟಿನ ಎತ್ತರವನ್ನು ಕಂಡುಹಿಡಿದ ಸರ್ವೆ ಶುರುವಾದದ್ದು ದಕ್ಷಿಣದ ಅತಿ ಚಪ್ಪಟೆಯಾದ ನೆಲವೊಂದರಲ್ಲಿ. ಸೈಕಲ್ ಸವಾರರಿಗೂ ಈ ಗುಡ್ಡದಿಂದ ಉಪಯೋಗವಿದೆ, ಆದರೆ ಅದು ಐದು ನಿಮಿಷದ್ದು.

ಇನ್ನು ಹುಡುಕುವವರಿಗೆ ಹೆಸರುಗಳು ದಾರಿ ತೋರಿಸುತ್ತವೆ. ತಮಿಳಿನಲ್ಲಿ ಮಲೈ ಅಂದರೆ ಬೆಟ್ಟ, ಕುನ್ರಂ ಅಂದರೆ ಗುಡ್ಡ, ಮೇಡು ಅಂದರೆ ದಿಣ್ಣೆ, ಪಳ್ಳಂ ಅಂದರೆ ತಗ್ಗು. ಕುನ್ರತ್ತೂರಿನಲ್ಲಿ ಗುಡ್ಡದ ಮೇಲೆ ಮುರುಗನ ಗುಡಿಯಿದೆ, ತಿರುಕ್ಕಳುಕ್ಕುನ್ರಂನಲ್ಲಿ ಬೆಟ್ಟದ ಮೇಲೆ ಶಿವನ ಗುಡಿಯಿದೆ. ಎರಡೂ ಕಡೆ ದೇವರ ದರ್ಶನಕ್ಕೆ ಮೆಟ್ಟಿಲು ಹತ್ತಬೇಕು, ಅದು ಸೈಕಲ್ಲಿನ ಕೆಲಸವಲ್ಲ. ಸರ್ವೆ ಆಫ್ ಇಂಡಿಯಾದ ನಕ್ಷೆಯಲ್ಲಿ ಸಮೋನ್ನತಿ ರೇಖೆಗಳನ್ನು ನೋಡಿ, ಅವು ಒಂದಕ್ಕೊಂದು ಹತ್ತಿರ ಬಂದು ನಡುವೆ ರಸ್ತೆಯೊಂದು ಹಾವಿನಂತೆ ಹರಿದಿರುವ ಜಾಗವನ್ನು ಹುಡುಕಿದರೆ, ಅದು ಚೆನ್ನೈಯಿಂದ ಒಂದು ಬೆಳಗಿನ ಸವಾರಿಯ ದೂರದಲ್ಲಿ ಇಲ್ಲ ಎಂಬುದು ಬೇಗ ತಿಳಿಯುತ್ತದೆ. ಹೆಸರು ಮಾಡಿದ ಹಲವು ಘಟ್ಟಗಳು ಇನ್ನೂರು ಕಿಲೋಮೀಟರಿಗಿಂತ ಆಚೆ: ಹದಿನಾಲ್ಕು ಹೇರ್‌ಪಿನ್ ತಿರುವಿನ ಏಲಗಿರಿ, ಸೇಲಂ ಕಡೆಯಿಂದ ಇಪ್ಪತ್ತು ತಿರುವಿನ ಏರ್ಕಾಡು, ಎಪ್ಪತ್ತು ತಿರುವಿನ ಕೊಲ್ಲಿಮಲೈ.

ಹಾಗಾದರೆ ವಾರದ ದಿನಗಳಲ್ಲಿ ಏನು ಮಾಡಬೇಕು? ಏರು ಎಂದರೆ ಏನು ಎಂದು ಮೊದಲು ಕೇಳಿಕೊಳ್ಳಬೇಕು. ಸವಾರ ಮತ್ತು ಸೈಕಲ್ ಸೇರಿ 80 ಕಿಲೋ ಇದ್ದಾರೆ ಎಂದುಕೊಳ್ಳೋಣ. ನೂರು ಮೀಟರಿಗೆ ಆರು ಮೀಟರ್ ಏರುವ ರಸ್ತೆಯಲ್ಲಿ ಗಂಟೆಗೆ 12 ಕಿಲೋಮೀಟರ್ ವೇಗದಲ್ಲಿ ಹತ್ತಲು ಸುಮಾರು 180 ವ್ಯಾಟ್ ಬೇಕು. ಅದರಲ್ಲಿ 155ರಷ್ಟು ಗುರುತ್ವಾಕರ್ಷಣೆಯ ಪಾಲು. ಈಗ ಅದೇ ಸವಾರರನ್ನು ಮಟ್ಟಸ ರಸ್ತೆಗೆ ತಂದು, ಗಂಟೆಗೆ 15 ಕಿಲೋಮೀಟರ್ ಬೀಸುವ ಎದುರುಗಾಳಿಗೆ 24ರ ವೇಗದಲ್ಲಿ ತುಳಿಯಲು ಹೇಳಿದರೆ ಬೇಕಾಗುವುದು ಹೆಚ್ಚುಕಡಿಮೆ ಅಷ್ಟೇ ವ್ಯಾಟ್. ಹೃದಯಕ್ಕೆ, ಶ್ವಾಸಕೋಶಕ್ಕೆ, ತೊಡೆಗೆ ಮುಂದಿರುವುದು ಬೆಟ್ಟವೋ ಗಾಳಿಯೋ ಗೊತ್ತಾಗುವುದಿಲ್ಲ. ಅವುಗಳಿಗೆ ಗೊತ್ತಾಗುವುದು ಎಷ್ಟು ಹೊತ್ತು ಬಿಡದೆ ತುಳಿಯುತ್ತಿದ್ದಾರೆ ಎಂಬುದು.

ಈ ಗಾಳಿ ಚೆನ್ನೈಯಲ್ಲಿ ಧಾರಾಳವಾಗಿದೆ. ಈಸ್ಟ್ ಕೋಸ್ಟ್ ರಸ್ತೆ ಹೆಚ್ಚುಕಡಿಮೆ ಉತ್ತರ–ದಕ್ಷಿಣವಾಗಿ ಸಾಗುತ್ತದೆ. ಬೇಸಿಗೆಯಲ್ಲಿ ಗಾಳಿ ದಕ್ಷಿಣ, ಆಗ್ನೇಯದ ಕಡೆಯಿಂದ, ಆಗ ಹೋಗುವ ದಾರಿಯೇ ಏರು. ಈಶಾನ್ಯ ಮಾರುತದ ತಿಂಗಳುಗಳಲ್ಲಿ ಗಾಳಿ ತಿರುಗಿಬೀಳುತ್ತದೆ, ಬರುವ ದಾರಿ ಏರಾಗುತ್ತದೆ. ಬೆಳಗಿನ ಜಾವ ಗಾಳಿ ಮಂದವಾಗಿದ್ದು, ನೆಲ ಕಾದ ಮೇಲೆ ಸಮುದ್ರದಿಂದ ಬೀಸತೊಡಗುತ್ತದೆ. ಊರಿನ ಸಿಗ್ನಲ್‌ಗಳನ್ನು ದಾಟಿದ ಮೇಲೆ ಗಾಳಿಗೆ ಎದುರಾಗಿ ಹದಿನೈದು ಇಪ್ಪತ್ತು ನಿಮಿಷ ನಿಲ್ಲಿಸದೆ ತುಳಿದು, ಐದು ನಿಮಿಷ ಸುಧಾರಿಸಿಕೊಂಡು ಮತ್ತೆ ಅಷ್ಟೇ ತುಳಿದರೆ ಅದು ಒಂದು ಒಳ್ಳೆಯ ಘಟ್ಟ. ಇದಕ್ಕೆ ಶಿಸ್ತು ಒಂದೇ: ಮುಂದಿನವರ ಹಿಂದೆ ಅಡಗಿ ಗಾಳಿ ತಪ್ಪಿಸಿಕೊಳ್ಳಬಾರದು.

ಒಂದು ವ್ಯತ್ಯಾಸವನ್ನು ಒಪ್ಪಿಕೊಳ್ಳಬೇಕು. ಗಂಟೆಗೆ 30 ಕಿಲೋಮೀಟರ್ ವೇಗದ ಸೈಕಲ್ಲಿನ ಚಲನಶಕ್ತಿ 12ರ ವೇಗದ ಸೈಕಲ್ಲಿನದಕ್ಕಿಂತ ಆರು ಪಟ್ಟು ಹೆಚ್ಚು. ಬಯಲಿನಲ್ಲಿ ಅರೆಕ್ಷಣ ಕಾಲು ಸಡಿಲಿಸಿದರೂ ಸೈಕಲ್ಲು ತಾನೇ ಹೋಗುತ್ತದೆ, ಘಟ್ಟದಲ್ಲಿ ಕಾಲು ಸಡಿಲಿಸಿದ ಕೂಡಲೇ ಜಗ್ಗುತ್ತದೆ. ಪೆಡಲ್ ಒಂದು ಸುತ್ತು ಬರುವಷ್ಟರಲ್ಲಿ ಎಲ್ಲೂ ಒತ್ತಡ ಬಿಡಬಾರದು ಎಂಬ ಪಾಠ ಬೆಟ್ಟದ್ದೇ. ಆದರೆ ಭಾರದ ಗೇರಿಗೆ ಹಾಕಿ, ನಿಮಿಷಕ್ಕೆ ಅರವತ್ತು ಸುತ್ತಿನಂತೆ ಗಾಳಿಗೆ ಎದುರಾಗಿ ತುಳಿದರೆ ಆ ಪಾಠದ ಬಹುಪಾಲು ಬಯಲಿನಲ್ಲೇ ಆಗುತ್ತದೆ. ಮನೆಯೊಳಗಿನ ಸ್ಮಾರ್ಟ್ ಟ್ರೇನರ್ ಯಂತ್ರ ಉಳಿದದ್ದನ್ನು ಕೊಡುತ್ತದೆ. ದುಬಾರಿ, ಆದರೆ ದೆಹಲಿಯ ಚಳಿಗಾಲದ ಹೊಗೆಮಂಜಿನಲ್ಲಿ ಹೊರಗೆ ಹೋಗಿ ಉಸಿರಾಡುವುದಕ್ಕಿಂತ ಮೇಲು.

ಇದು ಬರೀ ಲೆಕ್ಕದ ಮಾತಲ್ಲ. ನೆದರ್ಲೆಂಡ್ಸ್‌ನ ಯುರೋಪಿನ ನೆಲದಲ್ಲಿ ಅತಿ ಎತ್ತರದ ಜಾಗ 322 ಮೀಟರ್, ಚಾಮುಂಡಿಬೆಟ್ಟದ ಮೂರನೇ ಒಂದಕ್ಕಿಂತಲೂ ಕಡಿಮೆ. ಫ್ರಾನ್ಸ್‌ನ ಆಲ್ಪ್ಸ್‌ನಲ್ಲಿ ಆಲ್ಪ್ ದ್ಯುಯೆಜ್ ಎಂಬ ಪ್ರಸಿದ್ಧ ಏರು ಇದೆ: ಸುಮಾರು 14 ಕಿಲೋಮೀಟರ್, 21 ತಿರುವು. 1952ರಿಂದ 1989ರವರೆಗೆ ಟೂರ್ ಡಿ ಫ್ರಾನ್ಸ್ ಸ್ಪರ್ಧೆಯ ಹಂತಗಳು ಅದರ ತುದಿಯಲ್ಲಿ ಮುಗಿದದ್ದು ಹದಿನಾಲ್ಕು ಸಲ. ಅದರಲ್ಲಿ ಎಂಟು ಸಲ ಗೆದ್ದವರು ಡಚ್ಚರು. ಆಲ್ಪ್ಸ್‌ನ ಆ ಬೆಟ್ಟಕ್ಕೆ ಡಚ್ಚರ ಬೆಟ್ಟ ಎಂಬ ಅಡ್ಡಹೆಸರೇ ಬಿತ್ತು. ಅವರು ಬೆಟ್ಟಗಳಿಗೂ ಹೋಗಿ ತರಬೇತಿ ಮಾಡಿದವರು, ಸಂಬಳಕ್ಕೆ ಸೈಕಲ್ ತುಳಿದವರು. ಆದರೂ ಬೆಳೆದದ್ದು ಗಾಳಿಯ ನೆಲದಲ್ಲಿ. ಆ ದೇಶದಲ್ಲಿ ಸಮುದ್ರವನ್ನು ತಡೆಯುವ ಕಟ್ಟೆಯ ಮೇಲೆ, ಗಾಳಿ ಬಿರುಗಾಳಿಯಾಗುವ ದಿನ ನೋಡಿ, ಗೇರಿಲ್ಲದ ಸೈಕಲ್ಲುಗಳಲ್ಲಿ ಎದುರುಗಾಳಿ ಚಾಂಪಿಯನ್‌ಶಿಪ್ ನಡೆಸುತ್ತಾರೆ. ದ್ರೆಂಥೆ ಎಂಬಲ್ಲಿ ಕಸದ ರಾಶಿಯನ್ನೇ ಗುಡ್ಡ ಮಾಡಿ ರಸ್ತೆ ಹಾಕಿದ್ದಾರೆ, 2023ರ ಯುರೋಪಿಯನ್ ರಸ್ತೆ ಸೈಕ್ಲಿಂಗ್ ಚಾಂಪಿಯನ್‌ಶಿಪ್ ಅದರ ಮೇಲೆ ಮುಗಿಯಿತು. ಬೆಟ್ಟ ಇಲ್ಲದವರು ಇರುವುದನ್ನೇ ಬಳಸಿಕೊಂಡರು.

ಈಗ ಇನ್ನೊಂದು ಅರ್ಧ. ಗಾಳಿ ಏರನ್ನು ಕೊಡುತ್ತದೆ, ಯಂತ್ರವೂ ಕೊಡುತ್ತದೆ. ಇಳಿಜಾರನ್ನು ಕೊಡುವುದು ಇಳಿಜಾರು ಮಾತ್ರ. ಚೆನ್ನೈನ ಸವಾರರು ಮೂರು ವರ್ಷ ದಿನವೂ ತುಳಿದರೂ, ಐದಾರು ಸಾವಿರ ಕಿಲೋಮೀಟರ್ ಮುಗಿಸಿದರೂ, ಎರಡು ನಿಮಿಷಕ್ಕಿಂತ ಹೆಚ್ಚು ಹೊತ್ತು ಬ್ರೇಕ್ ಹಿಡಿದು ಇಳಿದಿರುವುದಿಲ್ಲ. ಹೇರ್‌ಪಿನ್ ತಿರುವು ಒಂದನ್ನೂ ನೋಡಿರುವುದಿಲ್ಲ. ಆದರೆ ಅವರ ಕಾಲಿನಲ್ಲಿ ಘಟ್ಟ ಹತ್ತುವ ಕಸುವಿದೆ. ಬೆಟ್ಟದ ನೆತ್ತಿಗೆ ಅವರನ್ನು ಕೊಂಡೊಯ್ಯುವುದು ಆ ಕಸುವು, ಕೆಳಗೆ ತರಬೇಕಾದ ವಿದ್ಯೆ ಅವರಲ್ಲಿಲ್ಲ. ಘಟ್ಟದೂರಿನ ಹುಡುಗರು ದಿನಾ ಶಾಲೆಗೆ ಸೈಕಲ್ ತಳ್ಳಿಕೊಂಡು ಹತ್ತಿ, ಕೂತು ಇಳಿದು ಚಿಕ್ಕಂದಿನಲ್ಲೇ ಕಲಿತದ್ದನ್ನು ಇವರು ಮೂವತ್ತೈದನೆಯ ವಯಸ್ಸಿನಲ್ಲಿ, ಸುಸ್ತಾದ ಮೈಯಲ್ಲಿ, ಮೊದಲ ಸಲ ಎದುರಿಸುತ್ತಾರೆ.

ಅಲ್ಲಿ ನಡೆಯುವುದು ಏನು? 80 ಕಿಲೋ ಭಾರ 500 ಮೀಟರ್ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ ಒಂದು ಲೀಟರಿಗೂ ಹೆಚ್ಚು ನೀರನ್ನು ಕುದಿಸುವಷ್ಟು. ವೇಗವಾಗಿ ಇಳಿದರೆ ಅದರಲ್ಲಿ ದೊಡ್ಡ ಪಾಲನ್ನು ಗಾಳಿ ಎಳೆದುಕೊಳ್ಳುತ್ತದೆ. ಹೆದರಿ ಬ್ರೇಕನ್ನು ಬಿಡದೆ ಹಿಡಿದುಕೊಂಡೇ ಇಳಿದರೆ ಹೆಚ್ಚುಪಾಲು ಬ್ರೇಕಿಗೇ ಹೋಗುತ್ತದೆ. ರಿಮ್ಮಿಗೆ ಒತ್ತುವ ಬ್ರೇಕಾದರೆ ರಿಮ್ ಕಾಯುತ್ತದೆ, ಒಳಗಿನ ಟ್ಯೂಬ್ ಒಡೆಯಬಹುದು. ಬೆರಳು ಸೋತು ಹಿಡಿತ ಸಡಿಲವಾಗುತ್ತದೆ. ಬ್ರೇಕನ್ನು ನೇರ ರಸ್ತೆಯಲ್ಲಿ, ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿದು, ತಿರುವಿನಲ್ಲಿ ಬಿಡಬೇಕು ಎನ್ನುವುದು ಓದಿದರೆ ಸುಲಭ. ಆದರೆ ಹೆದರಿದ ಕೈ ಮಾಡುವುದು ಅದರ ಉಲ್ಟಾ: ತಿರುವಿನವರೆಗೆ ಸುಮ್ಮನಿದ್ದು ತಿರುವಿನ ಮಧ್ಯೆ ಬ್ರೇಕ್ ಒತ್ತುತ್ತದೆ, ಚಕ್ರ ಜಾರುತ್ತದೆ. ಹೊರಗಿನ ಪೆಡಲ್ ಕೆಳಗಿರಬೇಕು, ಭಾರ ಅದರ ಮೇಲಿರಬೇಕು. ಕಣ್ಣು ಎದುರಿನ ಗುಂಡಿಯ ಮೇಲಲ್ಲ, ತಿರುವಿನ ಆಚೆ ತುದಿಯ ಮೇಲಿರಬೇಕು; ಕಣ್ಣು ಹೋದ ಕಡೆಗೆ ಸೈಕಲ್ಲು ಹೋಗುತ್ತದೆ. ವೇಗ ಒಂದೂವರೆ ಪಟ್ಟಾದರೆ ನಿಲ್ಲಲು ಬೇಕಾದ ದೂರ ಎರಡೂಕಾಲು ಪಟ್ಟಾಗುತ್ತದೆ. ಇದನ್ನೆಲ್ಲ ತಲೆ ತಿಳಿದುಕೊಂಡರೆ ಸಾಲದು, ಮೈ ಕಲಿಯಬೇಕು. ಮೈ ಕಲಿಯುವುದು ಮತ್ತೆ ಮತ್ತೆ ಮಾಡುವುದರಿಂದ.

ಜಗತ್ತಿನ ಅತ್ಯುತ್ತಮ ಸವಾರರನ್ನೂ ಇಳಿಜಾರು ಬಿಟ್ಟಿಲ್ಲ. 1992ರ ಒಲಿಂಪಿಕ್ಸ್ ರಸ್ತೆ ಸ್ಪರ್ಧೆಯಲ್ಲಿ ಚಿನ್ನ ಗೆದ್ದಿದ್ದ ಇಟಲಿಯ ಫಾಬಿಯೊ ಕಾಸಾರ್ತೆಲ್ಲಿ 1995ರ ಟೂರ್ ಡಿ ಫ್ರಾನ್ಸ್‌ನಲ್ಲಿ ಪಿರೆನೀಸ್‌ನ ಇಳಿಜಾರಿನಲ್ಲಿ ಬಿದ್ದು ತೀರಿಕೊಂಡರು. 2011ರ ಜಿರೊ ದಿ ಇಟಾಲಿಯಾದಲ್ಲಿ ಬೆಲ್ಜಿಯಂನ ವೌಟರ್ ವೇಲಾಂಟ್, 2023ರ ಸ್ವಿಸ್ ಪಂದ್ಯದಲ್ಲಿ ಸ್ವಿಟ್ಜರ್ಲೆಂಡಿನ ಜೀನೊ ಮೇಡರ್, ಇಬ್ಬರೂ ಇಳಿಯುವಾಗಲೇ ಬಿದ್ದವರು. ಅವರಿಗೆ ರಸ್ತೆಯನ್ನು ಖಾಲಿ ಮಾಡಿಕೊಟ್ಟಿದ್ದರು, ಹಿಂದೆ ವೈದ್ಯರ ಕಾರಿತ್ತು. ಭಾರತದ ಘಟ್ಟದಲ್ಲಿ ತಿರುವಿನಾಚೆಯಿಂದ ಬಸ್ಸು ಇಡೀ ರಸ್ತೆ ತುಂಬಿಕೊಂಡು ಬರುತ್ತದೆ. ಘಟ್ಟದ ರಸ್ತೆಯಲ್ಲಿ ಹತ್ತುವ ವಾಹನಕ್ಕೆ ಮೊದಲು ದಾರಿ ಬಿಡಬೇಕು ಎಂಬುದು ಕಾನೂನೇ. ಇಳಿಯುವ ಸೈಕಲ್ಲು ನಿಲ್ಲಬೇಕು, ನಿಲ್ಲಲು ಬರಬೇಕು. ಮಳೆ ಬಂದ ಮಾರನೆಯ ದಿನ ತಿರುವಿನಲ್ಲಿ ಮರಳು, ಒದ್ದೆ ಎಲೆ. ಊಟಿಯ ಕಲ್ಹಟ್ಟಿ ಘಾಟಿಯಂಥ ಕಡೆ, ಮೂವತ್ತಾರು ತಿರುವಿನ ಕಡಿದಾದ ಇಳಿಜಾರಿನಲ್ಲಿ, ಇದನ್ನು ಮೊದಲ ಸಲ ಕಲಿಯುವವರ ಪಾಡು ಯೋಚಿಸಬೇಕು.

ಹೀಗಾಗಿ ಬೆಟ್ಟಕ್ಕೆ ಹೋಗುವ ರೀತಿಯೇ ಬದಲಾಗಬೇಕು. ಚೆನ್ನೈನವರಿಗೆ ಏಲಗಿರಿ ಒಳ್ಳೆಯ ಪಾಠಶಾಲೆ. ಬೆಂಗಳೂರು–ಚೆನ್ನೈ ರೈಲಿನಲ್ಲಿ ಓಡಾಡುವ ಕನ್ನಡಿಗರಿಗೆ ಜೋಲಾರ್‌ಪೇಟೆ ಗೊತ್ತು, ಬೆಟ್ಟ ಅದರ ಪಕ್ಕದಲ್ಲೇ. ರೂಢಿ ಏನೆಂದರೆ, ಶನಿವಾರ ರಾತ್ರಿ ಹೊರಟು, ಭಾನುವಾರ ಬೆಳಿಗ್ಗೆ ಒಂದೇ ಉಸಿರಿಗೆ ಹತ್ತಿ, ಮೇಲೆ ಫೋಟೋ ತೆಗೆಸಿಕೊಂಡು, ತಿಂಡಿ ತಿಂದು, ವಾಹನ ಹೆಚ್ಚಾದ ಹೊತ್ತಿಗೆ ಕೆಳಗೆ ಜಾರುವುದು. ಹತ್ತಲು ಒಂದು ಗಂಟೆ, ಅದರ ಬಗ್ಗೆ ವಾರವಿಡೀ ಮಾತು. ಇಳಿಯಲು ಇಪ್ಪತ್ತೈದು ನಿಮಿಷ, ಅದರ ಬಗ್ಗೆ ಒಂದು ಮಾತೂ ಇಲ್ಲ. ಇದರ ಬದಲು ಬೆಳಕು ಬಿಟ್ಟ ಕೂಡಲೇ ಕೆಳಗಿನ ಮೂರು ತಿರುವುಗಳನ್ನು ಮಾತ್ರ ಆರಿಸಿಕೊಂಡು ಹತ್ತಿ, ಇಳಿದು, ಮತ್ತೆ ಹತ್ತಿ, ಮತ್ತೆ ಇಳಿಯಬಹುದು. ಬಲ್ಲವರೊಬ್ಬರು ತಿರುವಿನಲ್ಲಿ ನಿಂತು ನೋಡಿ ತಿದ್ದಬಹುದು. ಹತ್ತುವ ಕಷ್ಟ ಅದರಲ್ಲೇ ಸಿಗುತ್ತದೆ. ವರ್ಷಕ್ಕೆ ಎರಡು ಸಲ ಹೀಗೆ ಮಾಡಿದವರು ಹತ್ತು ಸಲ ನೆತ್ತಿ ಮುಟ್ಟಿ ಬಂದವರಿಗಿಂತ ಚೆನ್ನಾಗಿ ಇಳಿಯುತ್ತಾರೆ. ದೆಹಲಿಯವರಿಗೆ ಡೆಹ್ರಾಡೂನಿನಿಂದ ಮಸ್ಸೂರಿಗೆ ಹೋಗುವ ರಸ್ತೆಯ ಕೆಳಭಾಗ, ಮುಂಬೈಯವರಿಗೆ ಖಂಡಾಲಾದ ಹಳೆಯ ರಸ್ತೆ ಇದೇ ಕೆಲಸಕ್ಕೆ ಬರುತ್ತವೆ.

ಗುಂಪುಗಳ ಲೆಕ್ಕವೂ ಬದಲಾಗಬೇಕು. ಸ್ಟ್ರಾವಾದಂಥ ಆ್ಯಪ್‌ಗಳು ಪ್ರತಿ ಸವಾರಿಯ ಕೊನೆಗೆ ಎಷ್ಟು ಮೀಟರ್ ಏರಿದಿರಿ ಎಂದು ತೋರಿಸುತ್ತವೆ. ತಿಂಗಳ ಕೊನೆಗೆ ಆ ಅಂಕಿಯೇ ಗುಂಪಿನೊಳಗಿನ ಮರ್ಯಾದೆಯಾಗುತ್ತದೆ. ಬಯಲಿನಲ್ಲಿರುವವರಿಗೆ ಆ ಅಂಕಿ ಹೇಗೂ ಸಣ್ಣದು, ಅದನ್ನು ಹಿಗ್ಗಿಸಲೆಂದೇ ಫ್ಲೈಓವರ್ ಸುತ್ತುವವರಿದ್ದಾರೆ. ಅದೇ ಸ್ಟ್ರಾವಾ, ಅಪಾಯಕಾರಿ ಎಂದು ಗುರುತು ಮಾಡಿದ ರಸ್ತೆಯ ತುಂಡಿಗೆ ಯಾರು ಮೊದಲು ಎಂಬ ಪಟ್ಟಿಯನ್ನು ತೋರಿಸುವುದಿಲ್ಲ. ಈ ವಿವೇಕವನ್ನು ಸವಾರಿಗಳ ಆಯೋಜಕರೂ ಪಾಲಿಸಬಹುದು: ಘಟ್ಟದ ನೆತ್ತಿಯಲ್ಲಿ ಗಡಿಯಾರ ನಿಲ್ಲಿಸಿ, ಬುಡ ತಲುಪಿದ ಮೇಲೆ ಮತ್ತೆ ಶುರುಮಾಡಬಹುದು. ಇಳಿಯುವಾಗ ಗಳಿಸಲು ಏನೂ ಇಲ್ಲ ಎಂದಾದರೆ ಧಾವಂತವೂ ಕಡಿಮೆಯಾಗುತ್ತದೆ. ಘಟ್ಟವಿರುವ ಸವಾರಿಗೆ ಹೆಸರು ಕೊಟ್ಟವರಿಗೆ ಹಿಂದಿನ ದಿನ ಅರ್ಧ ಗಂಟೆ ಇಳಿಯುವ ಪಾಠ ಕಡ್ಡಾಯ ಮಾಡಿದರೆ ಯಾರೂ ಬಡವಾಗುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಆಕ್ಷೇಪಣೆ ಉಳಿಯುತ್ತದೆ. ಬೆಟ್ಟ ಹತ್ತುವುದು ತರಬೇತಿಗಷ್ಟೇ ಅಲ್ಲ, ಅದೊಂದು ಸಂತೋಷ. ಎದುರುಗಾಳಿಗೆ ತುಳಿದವರಿಗೆ ಕೊನೆಗೆ ಸಿಗುವುದು ಮತ್ತೊಂದು ಟೋಲ್‌ಗೇಟು, ಬೆಟ್ಟ ಹತ್ತಿದವರಿಗೆ ಮೋಡ, ತಣ್ಣನೆಯ ಗಾಳಿ, ಕೆಳಗೆ ಬಿಚ್ಚಿದ ಊರು. ಮಲೆನಾಡನ್ನು ಬಿಟ್ಟು ಬಂದವರಿಗೆ ಅದರಲ್ಲಿ ಊರಿನ ನೆನಪೂ ಬೆರೆತಿರುತ್ತದೆ. ಇದು ಒಪ್ಪತಕ್ಕ ಮಾತು. ಆ ಸಂತೋಷಕ್ಕಾಗಿ ಹೋಗುವವರು ಹೋಗಲಿ. ಆದರೆ ಹತ್ತಲು ಕಲಿಯಬೇಕು ಎಂಬ ಕಾರಣಕ್ಕೆ ಬೆಟ್ಟವಿಲ್ಲವೆಂದು ಕೊರಗುವುದು, ಮೇಲ್ಸೇತುವೆಯ ಮೇಲೆ ಲಾರಿಗಳ ನಡುವೆ ಜೀವ ಪಣಕ್ಕಿಡುವುದು ಬೇಡ.

ಏಲಗಿರಿಯ ಹದಿನಾಲ್ಕು ತಿರುವುಗಳಿಗೆ ತಮಿಳಿನ ಕವಿಗಳ, ಹಳೆಯ ದಾನಿ ಅರಸರ ಹೆಸರಿಟ್ಟಿದ್ದಾರೆ. ಹತ್ತುವವರು ಬೇಡವೆಂದರೂ ಆ ಹೆಸರುಗಳನ್ನು ಒಂದೊಂದಾಗಿ ಓದಿಕೊಂಡೇ ಹೋಗುತ್ತಾರೆ, ಅಷ್ಟು ನಿಧಾನ. ಹೊಸಬರು ಇಳಿಯುವಾಗಲೂ ಅವನ್ನು ಓದಲು ಆಗುವಷ್ಟು ನಿಧಾನಕ್ಕೆ ಇಳಿಯಲಿ.